ನಾಲ್ಕನೇ ಕ್ಯಾಸೆಟ್ಟು

ಹರಿಹರ
9 ಜುಲೈ 1985

ಸುಗ್ರಾಬಿ,

ಇದು ಕ್ಷೇಮ ವಿಚಾರಿಸುವ ಕಾಗದವಲ್ಲ.

ಹೋದ ಗುರುವಾರ ರವಿಕೆ ಹೊಲಿಸಲು ನಮ್ಮ ಹಿಂದಿನ ಓಣಿಯ ಇಮಾಂಬೀ ಮನೆಗೆ ಹೋಗಿದ್ದೆ. ಒಳಗೆ ಟೇಪ್‌ರೆಕಾರ್ಡರ್ ಹಾಡುತ್ತಿರಲಿಲ್ಲ, ಮಾತಾಡುತ್ತಿತ್ತು. ಐದಾರು ಹೆಂಗಸರು ಕೈಕೆಲಸ ಬಿಟ್ಟು ಕೂತಿದ್ದರು. ಮ್ಯಾನೇಜರ್ ಆನಂದ್ ಎಂಬುವನು ಬಿಂದು ಎಂಬ ಟೈಪಿಸ್ಟಿನ ಎಡಗೈ ಹಿಡಿದು, ಅವಳ ಡೊಂಕು ಕಿರುಬೆರಳನ್ನು ತುಟಿಗೆ ಒತ್ತಿಕೊಂಡು, 'ಈ ಬೆರಳು ನನ್ನದು, ಉಳಿದ ಒಂಬತ್ತು ಕಂಪನಿಯದು' ಎನ್ನುತ್ತಿದ್ದ. ಓದುತ್ತಿದ್ದ ದನಿ ನಿನ್ನದು. ಬೆರಳು ನನ್ನದು.

ಆ ಮಾತನ್ನು ಹೆಡ್‌ಕ್ಲಾರ್ಕ್ ಕೆಂಚವೀರಪ್ಪ ನನಗೆ ಹೇಳಿದ್ದು 1980ರಲ್ಲಿ, ದಾವಣಗೆರೆಯ ನಮ್ಮ ಹತ್ತಿ ಮಿಲ್ಲಿನ ಫೈಲು ರೂಮಿನಲ್ಲಿ. ಅದನ್ನು ನಾನು ಇನ್ನೊಬ್ಬರಿಗೆ ಹೇಳಿದ್ದು ಒಂದೇ ಸಲ, ನಿನ್ನ ಡಿಸ್ಪ್ಯಾಚ್ ಟೇಬಲ್ಲಿನ ಮುಂದೆ ನಿಂತು, ನಿನಗೆ. ನೀನು ನಕ್ಕು 'ಹುಷಾರೇ, ಉಳಿದ ಒಂಬತ್ತನ್ನೂ ಬಿಡಾಂವಲ್ಲ ಅವ್ನು' ಅಂದಿದ್ದೆ. ಎರಡು ವರ್ಷ ಅವನು ಮದುವೆಯ ಮಾತಾಡಿ ನಂಬಿಸಿದ್ದು, ಸಾಹುಕಾರರಿಗೆ ಗೊತ್ತಾದ ದಿನ 'ಟೈಪಿಸ್ಟೇ ನನ್ನ ಬೆನ್ನು ಬಿದ್ದಿದ್ದಳು' ಎಂದು ಬರೆದುಕೊಟ್ಟದ್ದು, ನಾನು ಕೆಲಸ ಕಳೆದುಕೊಂಡು ಹರಿಹರದ ಅಣ್ಣನ ಮನೆ ಸೇರಿದ್ದು ಎಲ್ಲವೂ ನಿನಗೆ ಗೊತ್ತು. ಇಲ್ಲಿ ಇನ್‌ಸ್ಟಿಟ್ಯೂಟಿನಲ್ಲಿ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಾ ಮೂರು ವರ್ಷ ದೂಡಿದ್ದೇನೆ. ಒಂದು ಸಲವೂ ದಾವಣಗೆರೆಗೆ ಕಾಲಿಟ್ಟಿಲ್ಲ.

ಅಂದು ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ಆಮೇಲೆ ಬೇಕಿಲ್ಲದ ಎರಡು ಲಂಗ ಹೊಲಿಸುವ ನೆಪದಲ್ಲಿ ಎರಡು ಸಲ ಹೋಗಿ ಆ ಕಥೆಯ ಮೂರೂ ಕ್ಯಾಸೆಟ್ಟು ಕೇಳಿ ಬಂದೆ. ನನಗೆ ಮೂವತ್ತಮೂರು ವರ್ಷ. ನನ್ನ ಕುತ್ತಿಗೆಯ ಬಗ್ಗೆ ಯಾರೂ ಅಷ್ಟು ಹೊತ್ತು ಮಾತಾಡಿರಲಿಲ್ಲ. ಕೇಳುತ್ತಾ ಮೈ ಬಿಸಿಯಾಯಿತು, ಸಿಟ್ಟಿನಿಂದಲೂ ಆಯಿತು, ಸಿಟ್ಟಲ್ಲದ್ದರಿಂದಲೂ ಆಯಿತು. ಇದನ್ನು ನಿನಗೆ ಬರೆಯಲು ನಾಚಿಕೆಯಿಲ್ಲ, ಏಕೆಂದರೆ ನಾಚಬೇಕಾದವಳು ನೀನು.

ನನ್ನ ಕಥೆಯನ್ನು ಯಾರ ಕೈಗೆ ಕೊಟ್ಟೆ? ಒಂದೇ ಮಾತಿನಲ್ಲಿ ಉತ್ತರ ಬರೆ.

ಬಸವಣ್ಣೆಮ್ಮ


ವಿನೋಬನಗರ, ದಾವಣಗೆರೆ
16 ಜುಲೈ 1985

ಬಸವಣ್ಣೆಮ್ಮಾ,

ಒಂದೇ ಮಾತಿನಲ್ಲಿ ಮುಗಿಸುವುದು ನನ್ನಿಂದ ಯಾವತ್ತು ಆಗಿದೆ? ಅಲ್ಲಾಹನ ಆಣೆ, ನಾನು ಯಾರಿಗೂ ಏನೂ ಹೇಳಿಲ್ಲ.

ನಮ್ಮ ಮೈದುನ ರೌಫ್ ಕ್ಯಾಸೆಟ್ ಅಂಗಡಿ ಇಟ್ಟಿದ್ದಾನಲ್ಲ, ಅವನೇ ಚೈತ್ರದಲ್ಲಿ ಒಂದು ದಿನ ಬಂದು, 'ಭಾಬಿ, ಹಾಡಿನ ಕ್ಯಾಸೆಟ್ ಎಲ್ಲಾರ ಹತ್ರ ಐತೆ. ಕತಿ ಕ್ಯಾಸೆಟ್ ಯಾರ ಹತ್ರಾನೂ ಇಲ್ಲ. ನೀವು ಓದ್ರಿ, ನಾನು ತುಂಬ್ತೀನಿ' ಅಂದ. ಶಾಲೆಯಲ್ಲಿ ಕನ್ನಡ ಪದ್ಯಕ್ಕೆ ಬಹುಮಾನ ತಂದವಳು ನಾನು, ಅದು ಅವನ ತಲೆಯಲ್ಲಿತ್ತು. ಕಥೆ ಬೇಕಾಗಿದೆ ಎಂದು ಅಂಗಡಿ ಮುಂದೆ ಬರೆದು ಹಾಕಿದ, ಅಂಚೆಯಲ್ಲಿ ಟೈಪು ಮಾಡಿದ ಹಾಳೆಗಳು ಬಂದವು. ಹೆಸರು 'ಟೈಪ್‌ರೈಟರಿನ ಮೇಲೆ ಮಲ್ಲಿಗೆ', ಬರೆದವರು ತುಂಗಾಪ್ರಿಯ. ಯಾರು ಆ ತುಂಗಾಪ್ರಿಯ ಅಂತ ರೌಫನಿಗೂ ಗೊತ್ತಿಲ್ಲ. ಭಾನುವಾರ ಅಂಗಡಿಯ ಷಟರ್ ಎಳೆದು, ಬಾಗಿಲಿಗೆ ಎರಡು ಕೌದಿ ತೂಗುಹಾಕಿ ನನ್ನನ್ನು ಕೂರಿಸಿದ.

ಮೂರನೇ ಅಧ್ಯಾಯದಲ್ಲಿ ಬೆರಳು ಬಂತು. ನಿಲ್ಲಿಸಿದೆ, ನೀರು ಕುಡಿದೆ. ಆಮೇಲೆ ಮತ್ತೆ ಓದಿದೆ. ಆಫೀಸಿನಲ್ಲಿ ಯಾರೋ ನಮ್ಮ ಮಾತು ಕದ್ದು ಕೇಳಿ ಬರೆದಿರಬೇಕು ಅಂದುಕೊಂಡೆ. ನಿನಗೆ ಅವತ್ತೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ತಪ್ಪು ನನ್ನದೇ.

ಆದರೆ ಒಂದು ಮಾತು ಕೇಳು. ಇಲ್ಲಿ ಅಮೀನಾಬೀ ಹೊಲಿಗೆ ಶೆಡ್ಡಿನಲ್ಲಿ ಹನ್ನೆರಡು ಮೆಷಿನ್ನು ಇವೆ. ಫೈಲು ರೂಮಿನ ಭಾಗ ಬಂತೆಂದರೆ ಹನ್ನೆರಡೂ ನಿಲ್ಲುತ್ತವೆ. 'ಕಿವೀಲಿ ಕೇಳ್ರೇ, ಕಾಲು ಯಾಕ ನಿಲ್ಲಸ್ತೀರಿ!' ಅಂತ ಅಮೀನಾಬೀ ಬಯ್ಯುತ್ತಾಳೆ, ತಾನೂ ಕತ್ತರಿ ಕೆಳಗಿಟ್ಟಿರುತ್ತಾಳೆ. ಇಷ್ಟು ವರ್ಷ ಬಂದ ಕಾಗದಕ್ಕೆ ನಂಬರು ಹಾಕಿ ಹಾಕಿ ನನಗೊಂದು ದನಿ ಇದೆಯೆಂಬುದೇ ಮರೆತಿತ್ತು. ಈಗ ಸಂತೆಯಲ್ಲಿ ಬದನೆಕಾಯಿ ಕೇಳಿದರೂ ಹೆಂಗಸರು ತಿರುಗಿ ನೋಡುತ್ತಾರೆ. ನನಗೆ ಅದು ಇಷ್ಟವಾಯಿತು. ಸುಳ್ಳು ಹೇಳುವುದಿಲ್ಲ.

ನಂಬಿಕೆ ಬರಲಿ ಎಂದು ಒಂದು ಹಾಳೆ ಇದರಲ್ಲಿಟ್ಟಿದ್ದೇನೆ. ಇಪ್ಪತ್ತು ನಿಮಿಷಕ್ಕೊಂದು ಬಸ್ಸಿದೆ, ಬಂದು ಎದುರಿಗೇ ಬೈದು ಹೋಗಬಾರದೆ?

ನಿನ್ನ ಸುಗ್ರಾ


ಹರಿಹರ
19 ಜುಲೈ 1985

ಸುಗ್ರಾಬಿ,

ಹಾಳೆ ತಲುಪಿತು. ಬಿಸಿಲಿಗೆ ಹಿಡಿದು ನೋಡುವ ಅಗತ್ಯವೂ ಬೀಳಲಿಲ್ಲ. 'ಳ' ಸಾಲಿನಿಂದ ಎಳ್ಳಿನಷ್ಟು ಮೇಲಕ್ಕೆ ಹಾರಿದೆ, 'ಮ'ದ ಹೊಟ್ಟೆಯಲ್ಲಿ ಮಸಿ ತುಂಬಿದೆ. ಅದು ನಮ್ಮ ಮಿಲ್ಲಿನ ಆಫೀಸಿನ ಮೆಷಿನ್ನು. ಒಂಬತ್ತು ವರ್ಷ ಪ್ರತಿ ಶನಿವಾರ ಅದರ ಹೊಟ್ಟೆಯ ಮಸಿಯನ್ನು ಪಿನ್ನಿನಿಂದ ಕೆದಕಿದವಳು ನಾನು. ತುಂಗಾಪ್ರಿಯ ಎಂದರೆ ಕೆಂಚವೀರಪ್ಪನೇ. ನಿನ್ನ ಮೇಲೆ ಹೊರಿಸಿದ ಆ ಒಂದು ಆಪಾದನೆಯನ್ನು ವಾಪಸು ತೆಗೆದುಕೊಂಡಿದ್ದೇನೆ, ಆ ಒಂದನ್ನು ಮಾತ್ರ.

ಅವನಿಗೆ ಬರೆಯಲು ಬರುತ್ತದೆ, ನನ್ನ ಹೊಟ್ಟೆ ಉರಿಯುತ್ತಿರುವುದು ಅದಕ್ಕೇ. ಆ ಫೈಲು ರೂಮು ನಿನಗೆ ನೆನಪಿದೆಯಲ್ಲ? ಇಲಿ ಪಾಷಾಣದ ವಾಸನೆ, ಹರಿದ ಗೋಣಿ. ಅವನು ನನ್ನ ಭುಜದ ಮೇಲಿಂದ ಗೋಡೆ ಗಡಿಯಾರ ನೋಡುತ್ತಲೇ ಇರುತ್ತಿದ್ದ. ಕ್ಯಾಸೆಟ್ಟಿನಲ್ಲಿ ಅದೇ ಜಾಗ ಮಲ್ಲಿಗೆ ಮಂಟಪವಾಗಿದೆ, ಅವನಿಗೆ ಒತ್ತಾದ ಕ್ರಾಪು ಬಂದಿದೆ. ನಿಜವನ್ನು ಬಲ್ಲ ನನಗೇ ಒಂದು ಗಳಿಗೆ, ಹೀಗೇ ಇತ್ತೇನೋ ಅನ್ನಿಸಿತು. ನನ್ನ ನೆನಪನ್ನೂ ಅವನು ತನ್ನ ಅನುಕೂಲಕ್ಕೆ ತಿದ್ದುತ್ತಿದ್ದಾನೆ. ಇದಕ್ಕೆ ಅವನನ್ನು ಬಿಡುವುದಿಲ್ಲ.

ಇನ್ನೊಂದು ವಿಷಯ. ಅವನು ಟೈಪು ಮಾಡುವುದು ಎರಡು ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ. ಈ ಹಾಳೆ ಹತ್ತು ಬೆರಳಿನ ಕೆಲಸ. ಪುಟವಿಡೀ ಒಂದು ತಪ್ಪಿಲ್ಲ, ಆದರೆ ಮುತ್ತು ಕೊಡುವ ಸಾಲಿನಲ್ಲಿ ನಾಲ್ಕು ಕಡೆ ಕೀಲಿ ತಪ್ಪಿದೆ. ಟೈಪು ಮಾಡಿದವಳ ಕೈ ನಡುಗಿದೆ, ಅವನು ಅವಳ ಬೆನ್ನ ಹಿಂದೆಯೇ ನಿಂತು ಹೇಳಿ ಬರೆಸಿದ್ದಾನೆ. ನನ್ನ ಕುರ್ಚಿಯಲ್ಲಿ ಈಗ ಯಾರಿದ್ದಾರೆ?

ನಾಲ್ಕನೇ ಭಾಗ ಬಂದಿದ್ದರೆ ಪೂರ್ತಿ ಕಳಿಸು.

ಬಸವಣ್ಣೆಮ್ಮ


ವಿನೋಬನಗರ
8 ಆಗಸ್ಟ್ 1985

ಬಸವಣ್ಣೆಮ್ಮಾ,

ತಡವಾಯಿತು. ನಮ್ಮ ಯಜಮಾನರು ಹಿದಾಯತರಿಗೆ ಜ್ವರ ಇತ್ತು ಅಂತ ಬರೆಯೋಣವೆಂದಿದ್ದೆ. ಜ್ವರ ಇದ್ದದ್ದು ಎರಡು ದಿನ, ಉಳಿದ ದಿನ ಬರೆಯಲು ಕೈ ಏಳಲಿಲ್ಲ.

ನಿನ್ನ ಕುರ್ಚಿಯಲ್ಲಿರುವವಳು ಕುಕ್ಕುವಾಡದ ಓಬವ್ವ. ಇಪ್ಪತ್ತು ವರ್ಷ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ನೀನು ಹೇಳಿದ ಮೇಲೆ ಸುಮ್ಮನೆ ಮಾತಿಗೆ ಎಳೆದೆ. 'ಸಾರು ಕತಿ ಬರೀತಾರ್ರೀ. ಐದು ಗಂಟೆ ಆದ್ಮೇಲೆ ಕೂರ್ಸಿ ಹೇಳ್ತಾರ, ನಾನು ಹೊಡೀತೀನಿ. ಯಾರಿಗೂ ಹೇಳಬ್ಯಾಡ, ಮೊದ್ಲು ಕೇಳಾಕಿ ನೀನೇ ಅಂದಾರ' ಎಂದಳು. ಹೇಳುವಾಗ ಮುಖ ಅರಳಿತ್ತು. ಬಿಂದು ಅನ್ನುವವಳು ಬರೀ ಕಥೆಯವಳು ಅಂತಲೇ ತಿಳಿದಿದ್ದಾಳೆ. ಅವಳ ಗಲ್ಲದಲ್ಲಿ ಒಂದು ಮಚ್ಚೆ ಇದೆ. ಐದನೇ ಅಧ್ಯಾಯದಿಂದ ಬಿಂದುವಿಗೂ ಗಲ್ಲದಲ್ಲಿ ಮಚ್ಚೆ ಬಂದದ್ದು ಯಾಕೆಂದು ನನಗೆ ಅವತ್ತು ಗೊತ್ತಾಯಿತು.

ಅವಳಿಗೆ ಏನಾದರೂ ಹೇಳಬೇಕಿತ್ತು. ಕೆಂಚವೀರಪ್ಪ ಆಗಲೇ ಬಾಗಿಲಲ್ಲಿ ನಿಂತಿದ್ದ. ನಾನು ಟಪಾಲು ಪುಸ್ತಕ ತೆರೆದು ಕೂತೆ.

ನಾಲ್ಕನೇ ಭಾಗ ಬಂದಿದೆ, ನಕಲು ಮಾಡಿ ಕಳಿಸುತ್ತಿದ್ದೇನೆ. ಅದನ್ನು ಓದಿ ಮನಸ್ಸು ಕೆಡಿಸಿಕೊಳ್ಳಬೇಡ, ಕಥೆ ತಾನೆ.

ಸುಗ್ರಾ


ಹರಿಹರ
12 ಆಗಸ್ಟ್ 1985

ಸುಗ್ರಾಬಿ,

ನನ್ನನ್ನು ಹೊಳೆಗೆ ಹಾಕಿದ್ದಾನೆ. ಬಿಂದು ಸೇತುವೆಯ ಮೇಲೆ ನಿಂತು, 'ತಪ್ಪೆಲ್ಲ ನನ್ನದೇ, ನನ್ನ ಆನಂದ್ ದೇವರಂಥವರು' ಎಂದು ಚೀಟಿ ಬರೆದಿಟ್ಟು, ತುಂಗಭದ್ರೆಗೆ ಹಾರುತ್ತಾಳೆ. ಅವನು ದಂಡೆಯಲ್ಲಿ ನಿಂತು ಒಂದೂವರೆ ಪುಟ ಅಳುತ್ತಾನೆ. ನಾನು ದಿನಾ ಬೆಳಿಗ್ಗೆ ಅದೇ ಸೇತುವೆ ದಾಟಿ ಕೆಲಸಕ್ಕೆ ಹೋಗುತ್ತೇನೆ, ಬುತ್ತಿ ಡಬ್ಬಿ ಹಿಡಿದುಕೊಂಡು. ಹೀಗೆ ಹೋಗುವವಳನ್ನು ಸಾಯಿಸಿ, ಸತ್ತವಳ ಕೈಯಿಂದ ಒಳ್ಳೆಯತನದ ಸರ್ಟಿಫಿಕೇಟು ಬರೆಸಿಕೊಂಡಿದ್ದಾನೆ. ಆ ಹುಡುಗಿಯ ಕೈಯಲ್ಲೇ ಅದನ್ನು ಟೈಪು ಮಾಡಿಸಿದ್ದಾನೆ.

ಇದರೊಂದಿಗೆ ಹನ್ನೊಂದು ಪುಟ ಇಟ್ಟಿದ್ದೇನೆ. ನಾಲ್ಕನೇ ಭಾಗ ಇದು. ಇದನ್ನೇ ನೀನು ಓದಬೇಕು, ಇದೇ ಕ್ಯಾಸೆಟ್ಟಾಗಬೇಕು. ಇದರಲ್ಲಿ ಬಿಂದು ಸಾಯುವುದಿಲ್ಲ. ಆನಂದ್ ಮ್ಯಾನೇಜರನಲ್ಲ, ಹೆಡ್‌ಕ್ಲಾರ್ಕು. ಎಡಗಿವಿಯ ಮೇಲಿನ ಕೂದಲನ್ನು ಬಲಗಿವಿಯವರೆಗೆ ಎಳೆದು ಅಂಟಿಸಿಕೊಂಡು, ಅದು ಹಾರೀತೆಂದು ಚೈತ್ರ ವೈಶಾಖದಲ್ಲೂ ಫ್ಯಾನು ಹಾಕಗೊಡದವನು. ಮಿಲ್ಲಿನ ಗೇಟಿನವರೆಗೆ ಎಲ್ಲರಿಗೂ ಅವನು ಯಾರೆಂದು ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ. ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಳೆ, ಹೆಚ್ಚು ದಿನ ಇಲ್ಲ ಎಂದು ಅವನು ನನಗೆ ಹೇಳುತ್ತಿದ್ದ ಹೆಂಡತಿಯೂ ಇದರಲ್ಲಿದ್ದಾಳೆ. ಆ ಉಡಚಮ್ಮ ಅವನು ಹಾಗೆ ಹೇಳಿದ ವಾರವೇ ದುಗ್ಗಮ್ಮನ ಗುಡಿಗೆ ನೂರೊಂದು ಸುತ್ತು ಹಾಕಿದ್ದನ್ನು ಕಂಡವರು ಬೇಕಾದಷ್ಟು ಜನ.

ಅವನ ಶೈಲಿಯಲ್ಲೇ ಬರೆದಿದ್ದೇನೆ. ಕುತ್ತಿಗೆ, ಉಸಿರು, ಮಲ್ಲಿಗೆ ಎಲ್ಲ ಇದೆ. ಬರೆಯುವಾಗ ಖುಷಿಯೂ ಆಯಿತು, ಹೇಳದಿದ್ದರೆ ತಪ್ಪಾಗುತ್ತದೆ. ಜನ ಬಾಯಿ ಚಪ್ಪರಿಸಿಕೊಂಡು ಹತ್ತಿರ ಬರಲಿ, ಬಂದ ಮೇಲೆ ಕಪಾಳಕ್ಕೆ ಬೀಳಲಿ.

ಒಂಬತ್ತನೇ ಪುಟವನ್ನು ಬಿಟ್ಟು ಓದಬೇಡ.

ಬಸವಣ್ಣೆಮ್ಮ


ವಿನೋಬನಗರ
3 ಸೆಪ್ಟೆಂಬರ್ 1985

ಬಸವಣ್ಣೆಮ್ಮ,

ಒಂಬತ್ತನೇ ಪುಟ ಓದಿದೆ. ಮೂರು ವಾರದಿಂದ ಅದನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ.

'ಡಿಸ್ಪ್ಯಾಚಿನ ಗೆಳತಿಯನ್ನು ಸಾಹುಕಾರರು ಕರೆಸಿದರು. ಫೈಲು ರೂಮಿನ ಬಾಗಿಲು ಕಾಣುವುದು ಅವಳೊಬ್ಬಳ ಕಿಟಕಿಯಿಂದ ಮಾತ್ರ. ಯಾರು ಯಾರನ್ನು ಕರೆಯುತ್ತಿದ್ದರು ಎಂದು ಕೇಳಿದರು. ಟೈಪಿಸ್ಟು ತಾನಾಗಿಯೇ ಹೋಗುತ್ತಿದ್ದುದನ್ನು ನೋಡಿದ್ದೇನೆ ಎಂದಳು ಗೆಳತಿ.'

ಇದು ನಿನಗೆ ಯಾರು ಹೇಳಿದರು? ಆ ಕೋಣೆಯಲ್ಲಿ ಇದ್ದದ್ದು ಸಾಹುಕಾರರು, ಕೆಂಚವೀರಪ್ಪ, ನಾನು. ಅವತ್ತು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ತಬ್ಬಿಕೊಂಡು ಅತ್ತವಳು ನಾನು. ನಿನಗೆ ಗೊತ್ತಿಲ್ಲ ಅಂದುಕೊಂಡೇ ಅತ್ತೆ. ಮೂರು ವರ್ಷ ನೀನು ನನಗೆ ರಂಜಾನಿಗೆ ಕಾರ್ಡು ಹಾಕಿದೆ, ನಾನು ನಿನಗೆ ಯುಗಾದಿಗೆ ಹಾಕಿದೆ. ಗೊತ್ತಿದ್ದೂ ಹಾಕಿದೆಯಾ?

ನನ್ನ ಕಡೆಯದನ್ನೂ ಕೇಳು. ಕೆಂಚವೀರಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. ಒಳಗೆ ಹೋಗುವ ಮೊದಲು 'ಸುಗ್ರಾಬಿ, ನೀವು ಕಂಡದ್ದಷ್ಟೇ ಹೇಳ್ರಿ. ಆಕಿ ನಡಕೊಂಡು ಹೋಗಿದ್ದು ಕಂಡೀರಲ್ಲ, ಅಷ್ಟು ಸಾಕು' ಅಂದಿದ್ದ. ನೀನು ನಡೆದುಕೊಂಡೇ ಹೋಗುತ್ತಿದ್ದೆ, ಅದು ಸುಳ್ಳಲ್ಲ. ನಿನ್ನನ್ನು ಕರೆಯಲು ಅವನು ಕರೆಗಂಟೆ ಎರಡು ಸಲ ಒತ್ತುತ್ತಿದ್ದುದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ನಿನ್ನ ಜೊತೆ ನಾನೂ ಹೊರಗೆ ಬೀಳುತ್ತಿದ್ದೆ. ಹೆದರಿದೆ.

ಇದನ್ನು ನನ್ನ ಬಾಯಿಂದಲೇ ಓದಿಸಬೇಕು ಅಂತ ಬರೆದಿದ್ದೀಯ. ನನ್ನಿಂದ ಆಗುವುದಿಲ್ಲ. ಉಳಿದ ಹತ್ತು ಪುಟ ಓದುತ್ತೇನೆ.

ಸುಗ್ರಾಬಿ


ಹರಿಹರ
5 ಸೆಪ್ಟೆಂಬರ್ 1985

ಸುಗ್ರಾಬಿ,

ನನಗೆ ಯಾರು ಹೇಳಿದರು ಎಂದು ಕೇಳಿದ್ದೀಯ. ಆ ಆಫೀಸಿನಲ್ಲಿ ಟೈಪಿಸ್ಟು ಎಷ್ಟು ಜನ ಇದ್ದರು, ಯೋಚನೆ ಮಾಡು.

ವಿಚಾರಣೆಯ ವರದಿಯನ್ನು ಟೈಪು ಮಾಡಿದವಳು ನಾನೇ. ಮೂರು ಪ್ರತಿ, ಕಾರ್ಬನ್ ಇಟ್ಟು. ಸಾಹುಕಾರರು ಕೈಬರಹದ ಹಾಳೆಗಳನ್ನು ಕೊಟ್ಟು, 'ಇದೊಂದು ಮುಗಿಸಿ ಹೋಗಮ್ಮ' ಅಂದರು. ಅವನ ಹೇಳಿಕೆ ಒಂದನೇ ಪುಟ, ನಿನ್ನದು ಎರಡನೇ ಪುಟ, ನನ್ನನ್ನು ತೆಗೆದುಹಾಕುವ ಆದೇಶ ಮೂರನೇ ಪುಟ. ಅವನದನ್ನು ಹೊಡೆಯುವಾಗ ಏನೂ ಅನ್ನಿಸಲಿಲ್ಲ, ಅವನು ಅಂಥವನೆಂದು ಅಷ್ಟು ಹೊತ್ತಿಗೆ ತಿಳಿದಿತ್ತು. ನಿನ್ನ ಪುಟಕ್ಕೆ ಬಂದಾಗ ಕಾರ್ಬನ್ ತಿರುವು ಮುರುವು ಇಟ್ಟು, ಎರಡು ಸಲ ಹೊಡೆಯಬೇಕಾಯಿತು. ಆಮೇಲೆ ಬಸ್ ಸ್ಟ್ಯಾಂಡಿಗೆ ಬಂದೆ. ನೀನು ತಬ್ಬಿಕೊಂಡೆ. ನಾನು ತಬ್ಬಿಸಿಕೊಂಡೆ.

ಮೂರು ವರ್ಷ ಕಾದದ್ದು ನೀನಾಗಿ ಹೇಳುತ್ತೀಯೇನೋ ಎಂದು. ಪ್ರತಿ ಯುಗಾದಿ ಕಾರ್ಡನ್ನೂ ತಿರುಗಿಸಿ ಹಿಂದೆ ಮುಂದೆ ನೋಡುತ್ತಿದ್ದೆ.

ಅವನ ಮೇಲೆ ನನಗಿರುವುದು ಸಿಟ್ಟು. ನಿನ್ನ ಮೇಲೆ ಇರುವುದಕ್ಕೆ ಹೆಸರು ಸಿಕ್ಕಿಲ್ಲ, ಅದು ಸಿಟ್ಟಿಗಿಂತ ಹೆಚ್ಚು ದಿನ ಬಾಳುತ್ತದೆ. ಹತ್ತು ಪುಟ ನನಗೆ ಬೇಡ. ಹನ್ನೊಂದೂ ಓದು, ಇಲ್ಲವೇ ನನ್ನನ್ನು ಹೊಳೆಗೆ ಹಾರಿಸಿ ಅವನದನ್ನೇ ಓದು. ಊರಿನವರಿಗೆ ಎರಡರಲ್ಲೂ ರುಚಿ ಇದೆ. ಓಬವ್ವ ಇವತ್ತೂ ಐದು ಗಂಟೆಯ ಮೇಲೆ ಕೂತಿರುತ್ತಾಳೆ, ನಿನ್ನ ಕಿಟಕಿಯಿಂದ ಕಾಣುತ್ತಿರಬೇಕು.

ಬಸವಣ್ಣೆಮ್ಮ


ವಿನೋಬನಗರ
21 ಅಕ್ಟೋಬರ್ 1985

ಬಸವಣ್ಣೆಮ್ಮಾ,

ಕ್ಯಾಸೆಟ್ಟು ಹೊರಬಿದ್ದು ಹದಿನೈದು ದಿನವಾಯಿತು. ಇಮಾಂಬೀ ಮನೆಗೂ ಬಂದಿರುತ್ತದೆ, ಆದರೂ ಒಂದು ಪ್ರತಿ ಇದರ ಜೊತೆ ಕಳಿಸಿದ್ದೇನೆ. ಇಲ್ಲಿ ಆದದ್ದನ್ನು ಬರೆಯುತ್ತೇನೆ, ನಿನಗೆ ಹಕ್ಕಿದೆ.

ಶೆಡ್ಡಿನಲ್ಲಿ ಮೊದಲ ದಿನ ಫ್ಯಾನಿನ ಸಾಲು ಬಂದಾಗ ನಗು ಹತ್ತಿತು. ಹೆಂಡತಿಯ ಕಾಯಿಲೆಯ ಭಾಗಕ್ಕೆ ನಗು ನಿಂತಿತು. ಮಾರನೇ ಬೆಳಿಗ್ಗೆ ಮಿಲ್ಲಿನ ಗೇಟಿನಲ್ಲಿ ಹತ್ತಿ ಹೆಕ್ಕುವ ಹೆಂಗಸರು 'ತುಂಗಾಪ್ರಿಯ ಬಂದ್ರು, ಫ್ಯಾನ್ ಆರಿಸ್ರೇ' ಅಂತ ಕೂಗಿದರು. ಕೆಂಚವೀರಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡೇ ಒಳಗೆ ಹೋದ.

ಉಡಚಮ್ಮ ಅಂಗಡಿಗೆ ತಾವೇ ನಡೆದು ಬಂದರು. ರೌಫ್ ಹೆದರಿ ಸ್ಟೂಲು ಕೊಟ್ಟ. 'ಕೂಡಾಕ ಬಂದಿಲ್ಲಪ್ಪ. ನಾಲ್ಕೂ ಕೊಡು' ಅಂದರು. ನಾಲ್ಕನ್ನೂ ತಮ್ಮ ಮನೆ ಪಡಸಾಲೆಯಲ್ಲಿ, ಬೀದಿ ಬಾಗಿಲು ತೆರೆದಿಟ್ಟು, ಗಂಡನನ್ನು ಎದುರಿಗೆ ಕೂರಿಸಿ ಕೇಳಿಸಿದರಂತೆ. ಒಂದು ಬದಿ ಮುಗಿದ ಕೂಡಲೇ 'ಕ್ಯಾಸೆಟ್ ಹೊಳ್ಳಿಸ್ರಿ, ಈ ಕಡಿ ಮುಗೀತು' ಅಂತ ಅವನ ಕೈಯಿಂದಲೇ ಹಾಕಿಸಿದರಂತೆ. ಓಣಿಯೆಲ್ಲ ಕೇಳಿದೆ. ಈಗ ಅವನು ಅಂಗಳದ ಕೋಣೆಯಲ್ಲಿ ಮಲಗುತ್ತಾನೆ.

ಓಬವ್ವ ನನ್ನ ಟೇಬಲ್ಲಿಗೆ ಬಂದು, 'ಬಿಂದು ಅನ್ನೋರು ನಿಜವಾಗ್ಲೂ ಅದಾರೇನ್ರೀ?' ಅಂತ ಕೇಳಿದಳು. 'ಅದಾಳೆ, ಹರಿಹರದಾಗ. ನಿನ್ನ ಕುರ್ಚಿ ಆಕಿದು' ಅಂದೆ. ಮೆಷಿನ್ನಿಗೆ ಹಾಳೆ ಸಿಕ್ಕಿಸಿದ್ದು ಹಾಗೇ ಬಿಟ್ಟು ಚೀಲ ತಗೊಂಡು ಹೋದಳು. ಆಮೇಲೆ ಬಂದಿಲ್ಲ. ಅವನು ಅವಳನ್ನು ಏನೂ ಮಾಡಿರಲಿಲ್ಲ ಅಂತ ಅವಳ ಅಕ್ಕ ಹೇಳಿದಳು.

ಸಾಹುಕಾರರು ಮತ್ತೆ ಕರೆಸಿದರು. ಈ ಸಲ ಕರೆಗಂಟೆಯ ವಿಷಯ ಹೇಳಿದೆ. ಎರಡು ಸಲ ಒತ್ತುತ್ತಿದ್ದ ಅಂತ, ಕೈಯಿಂದ ಮಾಡಿ ತೋರಿಸಿದೆ. ಅವನನ್ನು ಕೆಲಸದಿಂದ ಬಿಡಿಸಿದರು. ಮಿಲ್ಲಿನ ಮಾನ ಕಳೆದೆ ಎಂದು ನನಗೂ ನಾಳೆಯಿಂದ ಬರಬೇಡ ಅಂದರು. ಇದನ್ನು ಕನಿಕರಕ್ಕೆ ಬರೆದದ್ದಲ್ಲ.

ಒಂಬತ್ತನೇ ಪುಟವನ್ನು ನೀನು ಬರೆದಂತೆ ಓದಲಿಲ್ಲ. ಡಿಸ್ಪ್ಯಾಚಿನ ಗೆಳತಿ ಅಂತ ಇದ್ದ ಕಡೆ ನಿಲ್ಲಿಸಿ, 'ಆ ಗೆಳತಿಯ ಹೆಸರು ಸುಗ್ರಾಬಿ, ಈಗ ಓದುತ್ತಿರುವವಳೇ' ಅಂತ ಸೇರಿಸಿದೆ. ರೌಫ್ ಗಾಬರಿಯಾಗಿ ಬಟನ್ ಒತ್ತಲು ಬಂದ. ಅವನ ಕೈ ಹಿಡಿದುಕೊಂಡೇ ಮುಂದಕ್ಕೆ ಓದಿದೆ. ದನಿ ಒಂದು ಕಡೆ ಒಡೆದಿದೆ, ಮತ್ತೆ ತುಂಬಲು ಬಿಡಲಿಲ್ಲ. ಹಿದಾಯತ್ ನಾಲ್ಕು ದಿನ ಮಾತು ಬಿಟ್ಟಿದ್ದರು. ಸಂತೆಯಲ್ಲಿ ಹೆಂಗಸರು ಈಗಲೂ ತಿರುಗಿ ನೋಡುತ್ತಾರೆ, ನೋಡಿ ಮಾತು ನಿಲ್ಲಿಸುತ್ತಾರೆ.

ಇನ್ನು ಬರೆಯಲು ಏನಿದೆ? ನೀನು ಬರೆಯುವುದಿದ್ದರೆ ಬರೆ.

ಸುಗ್ರಾಬಿ


ಹರಿಹರ
25 ಅಕ್ಟೋಬರ್ 1985

ಸುಗ್ರಾ,

ಇಮಾಂಬೀ ಮನೆಯಲ್ಲಿ ಕೇಳಲು ಧೈರ್ಯ ಬರಲಿಲ್ಲ. ಇನ್‌ಸ್ಟಿಟ್ಯೂಟಿನಲ್ಲಿ ಮಧ್ಯಾಹ್ನ ಹುಡುಗಿಯರು ಊಟಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೇಳಿದೆ.

ಅವನ ಗತಿಯನ್ನು ಓದಿ ನಕ್ಕೆ, ಮನಸಾರೆ ನಕ್ಕೆ. ಅಂಗಳದ ಕೋಣೆಯಲ್ಲಿ ಅವನಿಗೆ ಸೊಳ್ಳೆ ಕಚ್ಚಲಿ, ಫ್ಯಾನು ಹಾಕಿಕೊಳ್ಳಲಿ. ಆ ಹುಡುಗಿ ಚೀಲ ತಗೊಂಡು ಹೋದದ್ದನ್ನು ಓದಿದಾಗ ಮಾತ್ರ ಅಳು ಬಂತು. ನಾನು ಹಾಗೆ ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ನಿನ್ನ ಕೆಲಸ ಹೋದರೆ ನನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅದಕ್ಕಾಗಿಯೇ ಒಂಬತ್ತನೇ ಪುಟ ಬರೆದದ್ದು, ಒಪ್ಪಿಕೊಳ್ಳುತ್ತೇನೆ. ನಿನ್ನ ದನಿ ಒಡೆದ ಜಾಗ ಬಂದಾಗ ಆಯಿತು ಸಂತೋಷ. ಹಿಂದಕ್ಕೆ ಸುತ್ತಿ ಇನ್ನೊಮ್ಮೆ ಕೇಳಿದೆ, ಆಗಲೂ ಆಯಿತು. ಮೂರನೇ ಸಲ ಆಗಲಿಲ್ಲ. ಮೂರು ವರ್ಷ ಕೂಡಿಟ್ಟದ್ದು ಎರಡು ಸಲಕ್ಕೆ ಮುಗಿಯಿತಲ್ಲ ಎಂದು ನಿನ್ನ ಮೇಲೆ ಮತ್ತೆ ಸಿಟ್ಟು ಬಂತು.

ಇನ್ನು ಸಂತೆಯಲ್ಲಿ ಹೆಂಗಸರು ಮಾತು ನಿಲ್ಲಿಸಿದರೆ ನಿಲ್ಲಿಸಲಿ. ನೀನು ಅದನ್ನು ಹೇಳಿದ್ದು ಅವರಿಗೆ. ರೌಫನಿಗೆ ಹೇಳಿದೆ, ಅಮೀನಾಬೀ ಶೆಡ್ಡಿಗೆ ಹೇಳಿದೆ, ಇಮಾಂಬೀ ಮನೆಗೆ ಹೇಳಿದೆ, ಕೊನೆಗೆ ಸಾಹುಕಾರರಿಗೂ ಹೇಳಿದೆ. ನನಗೆ ಹೇಳಿಲ್ಲ. ನನ್ನ ಮುಂದೆ ಕೂತು, ನನ್ನ ಮುಖ ನೋಡಿಕೊಂಡು, 'ನಾನು ಹೀಗೆ ಮಾಡಿದೆ ಕಣೇ' ಎಂದು ಒಂದು ಸಲವೂ ಹೇಳಿಲ್ಲ. ಯಂತ್ರಕ್ಕೆ ಹೇಳುವುದು ಸುಲಭ, ಅದು ತಿರುಗಿ ಏನೂ ಕೇಳುವುದಿಲ್ಲ. ನಾನು ಕೇಳುತ್ತೇನೆ. ತುಂಬ ಕೇಳುವುದಿದೆ.

ನಾಳಿದ್ದು ಭಾನುವಾರ. ನಾನು ಅಲ್ಲಿಗೆ ಬರುವುದಿಲ್ಲ, ನೀನೇ ಬಾ. ಅಣ್ಣನ ಮನೆಯವರು ಊರಿಗೆ ಹೋಗಿರುತ್ತಾರೆ. ಬಂದ ಕೂಡಲೇ ಚಹಾ ಕೊಡುತ್ತೇನೆ ಎಂದುಕೊಳ್ಳಬೇಡ. ಮೊದಲು ಹೇಳಬೇಕು, ಪೂರ್ತಿ ಹೇಳಬೇಕು, ನಾನು ಬೈಯುವುದನ್ನು ಪೂರ್ತಿ ಕೇಳಬೇಕು. ಚಹಾದ ವಿಷಯ ಆಮೇಲೆ ನೋಡೋಣ.

ಇದಕ್ಕೆ ಉತ್ತರ ಬರೆಯಬೇಡ. ಬರೆದರೆ ನಾನು ಲಕೋಟೆ ಒಡೆಯುವುದಿಲ್ಲ.

ಬಸವಣ್ಣೆಮ್ಮ